ಸುಗಂಧರಾಜ, ಮಲ್ಲಿಗೆಯಿಂದ ಕಾಂಕ್ರೀಟ್ (ಮೇಣ ಬೆರೆತ ಗಟ್ಟಿ ಸುಗಂಧಸಾರ) ತೆಗೆಯಲು ಎಂಥ ಘಟಕ ಕೊಳ್ಳಬೇಕು?

ಕಪಿಲೆಯ ದಂಡೆಯ ಬೆಳೆಗಾರ:

ನಂಜನಗೂಡು ತಾಲ್ಲೂಕಿನಲ್ಲಿ ನಾವು ಹನ್ನೊಂದು ಮಂದಿ ಸುಗಂಧರಾಜ ಮತ್ತು ಮಲ್ಲಿಗೆ ಬೆಳೆಯುತ್ತಿದ್ದೇವೆ. ಲಗ್ನಗಳಿರುವ ತಿಂಗಳುಗಳಲ್ಲಿ ಬೆಲೆಗೆ ಕೊರತೆಯಿಲ್ಲ; ಆಷಾಢದಲ್ಲಿಯೂ ಪಿತೃಪಕ್ಷದಲ್ಲಿಯೂ ಮಾತ್ರ ಬಿಡಿಸಿದ ಕೂಲಿಯೂ ಹುಟ್ಟದೆ ಹೂವನ್ನು ಗಿಡದಲ್ಲೇ ಬಿಡಬೇಕಾಗುತ್ತದೆ. ಅಂಥ ದಿನಗಳಲ್ಲಿ ಸಿಗುವ ಸುಮಾರು 200 ಕೆ.ಜಿ. ಹೂವಿನಿಂದ ಹೆಕ್ಸೇನ್ ಎಂಬ ಪೆಟ್ರೋಲಿಯಂ ದ್ರಾವಕ ಬಳಸಿ ಕಾಂಕ್ರೀಟ್ ತೆಗೆದು ಮಾರಬೇಕೆಂದಿದ್ದೇವೆ. ಒಬ್ಬ ತಯಾರಕರು ಸ್ಥಿರ ಪಾತ್ರೆಯ ಘಟಕವನ್ನೂ, ಇನ್ನೊಬ್ಬರು ತಿರುಗುವ ಡ್ರಮ್ಮಿನ ಘಟಕವನ್ನೂ, ಮೂರನೆಯವರು ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡ್ ಘಟಕವನ್ನೂ ಸೂಚಿಸಿದ್ದಾರೆ. ಹಣ ಹೂಡುವ ಮೊದಲು ಏನನ್ನು ನೋಡಬೇಕೆಂದು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಹೂಬಟ್ಟಿ:

ಹದಿನಾಲ್ಕು ವರ್ಷ ಇದೇ ಕೆಲಸದಲ್ಲಿ ಕಳೆದವನಾಗಿ ಬರೆಯುತ್ತಿದ್ದೇನೆ. ಮೂರನೆಯ ಸಲಹೆಯನ್ನು ಈಗಲೇ ಕೈಬಿಡಿ. ಇಂಗಾಲದ ಡೈಆಕ್ಸೈಡ್ ದ್ರಾವಕದಂತೆ ಕೆಲಸ ಮಾಡುವ ಸೂಪರ್‌ಕ್ರಿಟಿಕಲ್ ಸ್ಥಿತಿಗೆ (ಅನಿಲವೂ ಅಲ್ಲದ, ದ್ರವವೂ ಅಲ್ಲದ ಸ್ಥಿತಿಗೆ) ಬರಲು 31 ಡಿಗ್ರಿ ಉಷ್ಣತೆಯ ಜೊತೆಗೆ ಸುಮಾರು 74 ಬಾರ್ ಒತ್ತಡ ಬೇಕು, ಕೆಲಸ ನಡೆಯುವುದು ಅದಕ್ಕೂ ಬಹಳ ಮೇಲಿನ ಒತ್ತಡದಲ್ಲಿ. ಒಣ ಸಾಂಬಾರ ಪದಾರ್ಥಗಳಿಗೆ ಅದು ಸೊಗಸಾಗಿ ಒಗ್ಗುತ್ತದೆ. ಬಹುಪಾಲು ನೀರೇ ಆಗಿರುವ ಹಸಿ ಹೂವಿಗಾಗಿ, ವರ್ಷದಲ್ಲಿ ಕೆಲವೇ ವಾರ ನಡೆಸುವ ನಿಮಗೆ ಅಷ್ಟು ಬಂಡವಾಳ ಸಲ್ಲದು.

ಉಳಿದ ಎರಡರಲ್ಲಿ ತಿರುಗುವ ಡ್ರಮ್ ಕಡಿಮೆ ದ್ರಾವಕದಲ್ಲಿ ಬೇಗ ಕೆಲಸ ಮುಗಿಸುತ್ತದೆ, ನಿಜ. ಆದರೆ ಸುಗಂಧರಾಜದ ದಪ್ಪ ಎಸಳು ಉರುಳಾಟದಲ್ಲಿ ಜಜ್ಜಿಹೋದರೆ ಮೇಣವೂ ಬಣ್ಣವೂ ಹೆಚ್ಚಾಗಿ ಇಳಿಯುತ್ತವೆ, ತಿರುಗುವ ಸೀಲುಗಳನ್ನು ಸದಾ ನೋಡಿಕೊಳ್ಳುವ ಕೆಲಸ ಬೇರೆ. ಆದ್ದರಿಂದ ನನ್ನ ಮತ ಸ್ಥಿರ ಪಾತ್ರೆಗೆ; ಅದರೊಳಗೆ ರಂಧ್ರವಿರುವ ತಟ್ಟೆಗಳು ಒಂದರ ಮೇಲೊಂದು ಇರಬೇಕು, ಇಲ್ಲವಾದರೆ ಮೇಲಿನ ಹೂವಿನ ಭಾರಕ್ಕೆ ಕೆಳಗಿನದು ಮುದ್ದೆಯಾಗಿ ದ್ರಾವಕ ಒಳಹೊಗುವುದಿಲ್ಲ. ಹೂವನ್ನು ದ್ರಾವಕದಲ್ಲಿ ಮೂರು ಸಲ ತೊಳೆಯಿರಿ. ಎರಡನೆಯ ಮತ್ತು ಮೂರನೆಯ ತೊಳೆತದ ದ್ರಾವಕವನ್ನು ಮರುದಿನದ ಹೂವಿಗೆ ಬಳಸಬಹುದು.

ತಯಾರಕರೆಲ್ಲರೂ ಪಾತ್ರೆಯ ಗಾತ್ರವನ್ನೇ ಹೇಳುತ್ತಾರೆ. ನೀವು ಕೇಳಬೇಕಾದದ್ದು ದ್ರಾವಕ ಎಷ್ಟು ಮರಳಿ ಸಿಗುತ್ತದೆ ಎಂಬುದನ್ನು. ಸುಗಂಧರಾಜದಲ್ಲಿ ಕಾಂಕ್ರೀಟ್ ಶೇ. 0.1ರ ಆಸುಪಾಸು ಇರುವುದರಿಂದ 200 ಕೆ.ಜಿ. ಹೂವು ಕೊಡುವುದು ಹೆಚ್ಚೆಂದರೆ 200 ಗ್ರಾಂ. ಒಂದು ದಿನಕ್ಕೆ 600 ಲೀಟರ್ ಹೆಕ್ಸೇನ್ ಸುತ್ತುತ್ತದೆ ಎಂದಿಟ್ಟುಕೊಂಡರೆ, ಅದರಲ್ಲಿ ಶೇ. 5 ಸೋರಿಹೋದರೂ ಆ 200 ಗ್ರಾಮಿಗಾಗಿ 30 ಲೀಟರ್ ಕಳೆದುಕೊಂಡಂತಾಯಿತು. ಲಾಭ ಅಲ್ಲಿಯೇ ಆವಿಯಾಗುತ್ತದೆ. ತೊಳೆದು ಮುಗಿದ ಹೂವು ಬಹಳಷ್ಟು ದ್ರಾವಕವನ್ನು ಹೀರಿಕೊಂಡಿರುವುದರಿಂದ, ಅದೇ ಪಾತ್ರೆಯಲ್ಲಿ ಹಬೆ ಹಾಯಿಸಿ ಅದನ್ನು ಮರಳಿ ಪಡೆಯುವ ವ್ಯವಸ್ಥೆ ಇರಲೇಬೇಕು. ಹೆಕ್ಸೇನ್ 69 ಡಿಗ್ರಿಯಲ್ಲಿ ಕುದಿಯುತ್ತದೆ. ಏಪ್ರಿಲ್ ತಿಂಗಳ ಬಿಸಿ ತೊಟ್ಟಿನೀರಿನಲ್ಲಿ ಕಂಡೆನ್ಸರ್ (ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವ ಭಾಗ) ನಡೆಸಿದರೆ ನಷ್ಟ ಹೆಚ್ಚುವುದರಿಂದ ತಣ್ಣೀರಿನ ಚಿಲ್ಲರ್ ಕೊಳ್ಳಲು ಹಿಂಜರಿಯಬೇಡಿ. ದ್ರಾವಕದ ಬಹುಭಾಗ ಬಟ್ಟಿಯಿಳಿದ ಮೇಲೆ ಉಳಿದದ್ದನ್ನು ನಿರ್ವಾತದಲ್ಲಿ, 45–50 ಡಿಗ್ರಿ ಮೀರದಂತೆ ತೆಗೆಯಬೇಕು. ಇಲ್ಲಿ ಅವಸರ ಮಾಡಿದರೆ ಹೂವಿನ ತಲೆಗಂಧ (ಮೊದಲು ಮೂಗಿಗೆ ಬಡಿಯುವ ಹಗುರ ಪರಿಮಳ) ಹೊರಟುಹೋಗಿ ಬೇಯಿಸಿದ ವಾಸನೆ ಉಳಿಯುತ್ತದೆ.

ಇನ್ನೊಂದು ಮಾತನ್ನು ನೋವಿನಿಂದ ಹೇಳುತ್ತೇನೆ. ನಾನು ಮೊದಲು ಕೊಂಡ ಘಟಕದ ಮುಚ್ಚಳಕ್ಕೆ ಹಾಕಿದ್ದ ರಬ್ಬರ್ ಗ್ಯಾಸ್ಕೆಟ್ ಹೆಕ್ಸೇನಿನಲ್ಲಿ ಉಬ್ಬಿ, ಎರಡೇ ವಾರದಲ್ಲಿ ಸೋರತೊಡಗಿತು. ಆ ಋತುವಿನ ಮಲ್ಲಿಗೆಯೆಲ್ಲ ಹಾಳಾಯಿತು. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದೇ ಎಂದು ಮಾತ್ರ ವಿಚಾರಿಸಿದ್ದೆ, ಗ್ಯಾಸ್ಕೆಟ್ ಯಾವುದೆಂದು ಕೇಳಿರಲಿಲ್ಲ. ಟೆಫ್ಲಾನ್ ಅಥವಾ ವಿಟಾನ್ ಎಂದು ಆದೇಶಪತ್ರದಲ್ಲಿಯೇ ಬರೆಸಿ.

ಸುರಕ್ಷತಾ ಇಂಜಿನಿಯರ್:

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಬೆಂಕಿಯ ವಿಷಯವನ್ನು ಸೇರಿಸಲೇಬೇಕು. ಹೆಕ್ಸೇನ್ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರವಾದ್ದರಿಂದ ನೆಲದ ಮೇಲೆ, ಚರಂಡಿಯಲ್ಲಿ ಹರಿದುಹೋಗಿ ದೂರದ ಒಲೆಯನ್ನು ತಲುಪಬಲ್ಲದು, ಗಾಳಿಯಲ್ಲಿ ಶೇ. 1ಕ್ಕಿಂತ ಸ್ವಲ್ಪ ಹೆಚ್ಚು ಸೇರಿದರೆ ಒಂದು ಕಿಡಿ ಸಾಕು. ಮೋಟಾರು, ದೀಪ, ಸ್ವಿಚ್ಚುಗಳೆಲ್ಲ ಪ್ರಮಾಣಿತ ಫ್ಲೇಮ್‌ಪ್ರೂಫ್ (ಒಳಗಿನ ಕಿಡಿ ಹೊರಗಿನ ಆವಿಗೆ ತಗಲದಂಥವು) ಆಗಿರಬೇಕು, ಪಾತ್ರೆ ಕೊಳವೆಗಳಿಗೆಲ್ಲ ಅರ್ಥಿಂಗ್ ಇರಬೇಕು, ಬಾಯ್ಲರ್ ದೂರದ ಬೇರೆ ಕಟ್ಟಡದಲ್ಲಿರಬೇಕು. ಹೆಕ್ಸೇನ್ ಎ ವರ್ಗದ ಪೆಟ್ರೋಲಿಯಂ ಆದ್ದರಿಂದ ನೀವು ಹೇಳುವ ಪ್ರಮಾಣದ ದಾಸ್ತಾನಿಗೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿ ಬೇಕು. ಜಾಗದ ನಕ್ಷೆ ಒಪ್ಪಿಗೆಯಾಗುವ ಮೊದಲು ಯಂತ್ರಕ್ಕೆ ಮುಂಗಡ ಕೊಡಬೇಡಿ. ವರ್ಷಗಟ್ಟಲೆ ಆ ಆವಿಯನ್ನು ಉಸಿರಾಡಿದವರಿಗೆ ಕೈಕಾಲುಗಳ ನರಗಳು ದುರ್ಬಲವಾಗುವುದರಿಂದ, ಹೂವು ತುಂಬುವ ಹೆಣ್ಣುಮಕ್ಕಳು ನಿಲ್ಲುವ ಕಡೆ ನೆಲಮಟ್ಟದಲ್ಲಿ ಗಾಳಿ ಹೊರಹೋಗುವ ಏರ್ಪಾಡು ಮಾಡಿ.

ಕಪಿಲೆಯ ದಂಡೆಯ ಬೆಳೆಗಾರ:

ಇಬ್ಬರಿಗೂ ಕೃತಜ್ಞನಾಗಿದ್ದೇನೆ. ಇನ್ನೆರಡು ಸಂದೇಹಗಳಿವೆ. ಕಾಂಕ್ರೀಟಿನಿಂದ ಅಬ್ಸೊಲ್ಯೂಟ್ (ಮೇಣ ತೆಗೆದ ಶುದ್ಧ ಸುಗಂಧಸಾರ) ತೆಗೆಯುವ ಭಾಗವನ್ನೂ ಈಗಲೇ ಕೊಳ್ಳಬೇಕೇ? ಎರಡೂ ಹೂವಿಗೆ 200 ಕೆ.ಜಿ.ಯ ಒಂದೇ ಪಾತ್ರೆ ಸಾಕೇ?

ಹೂಬಟ್ಟಿ:

ಅಬ್ಸೊಲ್ಯೂಟ್ ಈಗ ಬೇಡ. ಕಾಂಕ್ರೀಟನ್ನು ಮದ್ಯಸಾರದಲ್ಲಿ ಕರಗಿಸಿ, ಸೊನ್ನೆಗಿಂತ ಕೆಳಗೆ ತಣಿಸಿ, ಮೇಣವನ್ನು ಸೋಸಿ ತೆಗೆಯುವ ಕೆಲಸವದು. ಮದ್ಯಸಾರಕ್ಕೆ ಅಬಕಾರಿ ಇಲಾಖೆಯ ಅನುಮತಿ ಬೇರೆ ಬೇಕು. ಕಾಂಕ್ರೀಟನ್ನೇ ಕೊಳ್ಳುವವರಿದ್ದಾರೆ.

ಪಾತ್ರೆ ಮಾತ್ರ ಒಂದು ಸಾಲದು, 100 ಕೆ.ಜಿ.ಯ ಎರಡು ಮಾಡಿಸಿ. ಸುಗಂಧರಾಜವನ್ನು ನಸುಕಿನಲ್ಲಿ ಬಿಡಿಸಿ ಬಿಸಿಲೇರುವ ಮೊದಲೇ ಪಾತ್ರೆಗೆ ಹಾಕಬೇಕು. ಮಲ್ಲಿಗೆಯದು ಹಾಗಲ್ಲ: ಬೆಳಿಗ್ಗೆ ಬಿಡಿಸಿದ ಬಲಿತ ಮೊಗ್ಗನ್ನು ನೆರಳಿನಲ್ಲಿ ತೆಳುವಾಗಿ ಹರಡಿಟ್ಟು, ಸಂಜೆ ದಾಟಿ ಅದು ಅರಳಿ ಗಂಧ ಬಿಡತೊಡಗಿದ ಮೇಲೆ ರಾತ್ರಿ ತುಂಬಬೇಕು, ಮೊಗ್ಗಾಗಿರುವಾಗಲೇ ತುಂಬಿದರೆ ಹಸಿರು ವಾಸನೆಯೇ ಬರುತ್ತದೆ. ಎರಡು ಪಾತ್ರೆಗಳಿಗೂ ಒಂದೇ ಕಂಡೆನ್ಸರ್, ಒಂದೇ ನಿರ್ವಾತ ಪಂಪು ಸಾಕು. ಆದರೆ ಒಂದು ಹೂವಿನ ದ್ರಾವಕ ಇನ್ನೊಂದಕ್ಕೆ ಬೆರೆಯದಂತೆ ಸಂಗ್ರಹದ ತೊಟ್ಟಿಗಳು ಎರಡಿರಲಿ, ಕಂಡೆನ್ಸರನ್ನು ಪ್ರತಿ ಸಲವೂ ಶುದ್ಧ ಹೆಕ್ಸೇನಿನಿಂದ ತೊಳೆಯಿರಿ.