ಎರಡು ತಿಂಗಳ ಮಟ್ಟಿಗೆ ಬಡ್ಡಿಯಿಲ್ಲದ ಕ್ರೆಡಿಟ್ ಕಾರ್ಡ್, ಯಾವುದು ತಗೊಳ್ಳಲಿ?

ತೀರ್ಥಹಳ್ಳಿ ತೋಟದವ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ಎರಡು ಎಕರೆ ಅಡಿಕೆ ತೋಟ. ಜೂನ್‌ನಲ್ಲಿ ಕಳೆ ಹೊಡೆಯುವ ಮೆಷಿನ್ ತಗೊಳ್ಳಬೇಕು, ಅಂಗಡಿಯಲ್ಲಿ 28,000 ರೂಪಾಯಿ ಹೇಳಿದ್ದಾರೆ. ಅದೇ ಹೊತ್ತಿಗೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ ಎಲ್ಲಾ ಒಟ್ಟಿಗೆ ಬರುತ್ತದೆ. ಅಡಿಕೆ ಮಂಡಿಯಲ್ಲಿದೆ, ದುಡ್ಡು ಕೈಗೆ ಬರುವುದು ಆಗಸ್ಟ್ ಮೊದಲ ವಾರ. ಕಾರ್ಡಿನಲ್ಲಿ 50 ದಿನ ಬಡ್ಡಿ ಇಲ್ಲ ಅಂತಾರಲ್ಲ, ಅದು ನಿಜವಾ? ನನಗೆ ಸಂಬಳದ ಚೀಟಿ ಇಲ್ಲ, ಕಾರ್ಡ್ ಕೊಡ್ತಾರಾ? ಯಾವ ಬ್ಯಾಂಕಿನದು ಒಳ್ಳೆಯದು ಅಂತ ತಿಳಿದವರು ಹೇಳಿ.

ವಿನೋಬನಗರದಿಂದ:
ಬ್ಯಾಂಕಿನ ಹೆಸರು ಆಮೇಲೆ ನೋಡಿ, ಮೊದಲು ಬಿಲ್ ತಾರೀಕು ನೋಡಿ. 50 ದಿನ ಅನ್ನುವುದು ಎಲ್ಲಾ ಖರೀದಿಗೂ ಸಿಗುವುದಿಲ್ಲ. ಬಿಲ್ ಪ್ರತಿ ತಿಂಗಳು 5ಕ್ಕೆ ಆಗುತ್ತದೆ, ಕಟ್ಟಲು 25ರವರೆಗೆ ಸಮಯ ಇದೆ ಅಂತಿಟ್ಟುಕೊಳ್ಳಿ. ಜೂನ್ 6ಕ್ಕೆ ಮೆಷಿನ್ ತಗೊಂಡರೆ ಅದು ಜುಲೈ 5ರ ಬಿಲ್ಲಿಗೆ ಬರುತ್ತದೆ, ಜುಲೈ 25ರೊಳಗೆ ಕಟ್ಟಿದರಾಯಿತು, 49 ದಿನ ಸಿಕ್ಕಿತು. ಅದನ್ನೇ ಎರಡು ದಿನ ಮೊದಲು, ಜೂನ್ 4ಕ್ಕೆ ತಗೊಂಡರೆ ಮಾರನೇ ದಿನವೇ ಬಿಲ್, ಜೂನ್ 25ಕ್ಕೆ ಕಟ್ಟಬೇಕು. ಬರೀ 21 ದಿನ!

ನಿಮ್ಮ ದುಡ್ಡು ಬರುವುದು ಆಗಸ್ಟ್ ಮೊದಲ ವಾರ ಅಂದರೆ ಬಿಲ್ 22ರ ಆಸುಪಾಸಿಗೆ ಇರಬೇಕು. ಜೂನ್ 23ಕ್ಕೆ ಖರೀದಿ, ಜುಲೈ 22ಕ್ಕೆ ಬಿಲ್, ಕಟ್ಟುವುದು ಆಗಸ್ಟ್ 11ರ ಹೊತ್ತಿಗೆ. ಬಿಲ್ ತಾರೀಕನ್ನು ಕಡೇಪಕ್ಷ ಒಂದು ಸಲ ಬದಲಾಯಿಸಿಕೊಳ್ಳಲು ಗ್ರಾಹಕರಿಗೆ ಅವಕಾಶ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ.

ಸಂಬಳದ ಚೀಟಿ ಇಲ್ಲದವರಿಗೆ ಎಫ್‌ಡಿ ಮೇಲೆ ಕೊಡುವ ಕಾರ್ಡ್ ಇದೆ. ಠೇವಣಿಗಿಂತ ಸ್ವಲ್ಪ ಕಡಿಮೆ ಲಿಮಿಟ್ ಕೊಡುತ್ತಾರೆ, ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ವಾರ್ಷಿಕ ಶುಲ್ಕ ಇಲ್ಲದ್ದನ್ನೇ ತಗೊಳ್ಳಿ. ವರ್ಷಕ್ಕೆ ಎರಡು ಸಲ ಬಳಸುವ ಕಾರ್ಡಿಗೆ 500 ರೂಪಾಯಿ ಯಾಕೆ ಕೊಡಬೇಕು?

ಸಾಗರದ ಅಕ್ಕ:
ತಮ್ಮಾ, ನಾನು ಸುಟ್ಟುಕೊಂಡವಳು, ಅದಕ್ಕೆ ಹೇಳುತ್ತಿದ್ದೇನೆ. ಮೂರು ವರ್ಷದ ಹಿಂದೆ ಮಗಳ ಹಾಸ್ಟೆಲ್ಲಿಗೆ ಸಾಮಾನು ತಗೊಂಡಾಗ ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಅಂತ ಸಣ್ಣದೊಂದು ಅಂಕಿ ಇತ್ತು, ಅಷ್ಟು ಕಟ್ಟಿದರೆ ಸಾಕು ಅಂದುಕೊಂಡು ಅಷ್ಟೇ ಕಟ್ಟಿದೆ. ಮುಂದಿನ ಬಿಲ್ ನೋಡಿ ಕೈಕಾಲು ತಣ್ಣಗಾಯಿತು. ಬಡ್ಡಿಯನ್ನು ಸಾಮಾನು ತಗೊಂಡ ದಿನದಿಂದಲೇ ಲೆಕ್ಕ ಹಾಕಿದ್ದರು. ಅಷ್ಟೇ ಅಲ್ಲ, ಹಳೇ ಬಾಕಿ ಇರುವವರೆಗೂ ಹೊಸದಾಗಿ ತಗೊಂಡ ದಿನಸಿಗೂ ಬಡ್ಡಿಯಿಲ್ಲದ ದಿನ ಒಂದೂ ಸಿಗಲಿಲ್ಲ. ತಿಂಗಳಿಗೆ ಶೇ 3.5 ಅಂದರೆ ಕಡಿಮೆ ಅನಿಸುತ್ತದೆ ಅಲ್ವಾ, ವರ್ಷಕ್ಕೆ ಶೇ 42 ಆಯಿತು, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ನಿಮ್ಮ 28,000ಕ್ಕೆ ಒಂದೇ ತಿಂಗಳಿಗೆ 1,150 ರೂಪಾಯಿ ದಾಟುತ್ತದೆ. ಪೂರ್ತಿ ಕಟ್ಟುವ ಧೈರ್ಯ ಇದ್ದರೆ ಮಾತ್ರ ತಗೊಳ್ಳಿ.

ಇನ್ನೊಂದು, ಕೂಲಿಗೆ ನಗದು ಬೇಕು ಅಂತ ಆ ಕಾರ್ಡನ್ನು ಎಟಿಎಂಗೆ ಹಾಕಲೇಬೇಡಿ. ನಗದಿಗೆ ಒಂದು ದಿನವೂ ರಿಯಾಯಿತಿ ಇಲ್ಲ, ತೆಗೆದ ದಿನದಿಂದ ಬಡ್ಡಿ, ಮೇಲೆ ಶುಲ್ಕ.

ಹೊಸನಗರ ಕಡೆಯವ:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಔಷಧಿಗೂ ಕೂಲಿಗೂ ಕಾರ್ಡ್ ಯಾಕೆ ಮಾರಾಯ್ರೆ? ಊರಿನ ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲ ಇದೆಯಲ್ಲ. ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುತ್ತೇವೆ ಅಂತ 2023ರ ರಾಜ್ಯ ಬಜೆಟ್‌ನಲ್ಲೇ ಹೇಳಿದ್ದರು. ನಿಮ್ಮ ಪಾಲಿಗೆ ಎಷ್ಟು ಸಿಗುತ್ತದೆ ಅಂತ ಕಾರ್ಯದರ್ಶಿಯನ್ನು ಕೇಳಿ. ಅಲ್ಲೂ ಅಷ್ಟೇ, ವಾಯಿದೆ ತಪ್ಪಿದರೆ ಬಡ್ಡಿ ಬೀಳುತ್ತದೆ.

ಮೆಷಿನ್‌ಗೆ ಕಾರ್ಡ್ ಇರಲಿ, ಆದರೆ ಅಂಗಡಿಯವರು ಸ್ವೈಪ್ ಮಾಡಿದರೆ ಶೇ 2 ಜಾಸ್ತಿ ಅಂತಾರಾ ಕೇಳಿಕೊಳ್ಳಿ. 28,000ಕ್ಕೆ ಅದೇ 560 ರೂಪಾಯಿ, ಬಡ್ಡಿ ಇಲ್ಲ ಅಂತ ಹೋಗಿ ಬಡ್ಡಿ ಕೊಟ್ಟ ಹಾಗೆ ಆಗುತ್ತದೆ. ಆಮೇಲೆ, ಕಡೇ ದಿನಕ್ಕೆ ಕಾಯಬೇಡಿ. ನಮ್ಮ ಕಡೆ ಆಗಸ್ಟ್ ಮಳೆಗೆ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಮೂರು ದಿನ ಫೋನ್ ಸುಮ್ನೆ ಜೇಬಲ್ಲಿರುತ್ತದೆ. ಖಾತೆಯಿಂದ ತಾನಾಗಿಯೇ ಪೂರ್ತಿ ಮೊತ್ತ ಕಡಿತವಾಗುವ ಹಾಗೆ ಬರೆದುಕೊಡಿ, ಕನಿಷ್ಠ ಮೊತ್ತ ಅಂತ ಗುರುತು ಹಾಕಬೇಡಿ.

ತೀರ್ಥಹಳ್ಳಿ ತೋಟದವ:
ತುಂಬಾ ಉಪಕಾರವಾಯಿತು. ಔಷಧಿ, ಕೂಲಿಗೆ ನಾಳೆಯೇ ಸೊಸೈಟಿಗೆ ಹೋಗುತ್ತೇನೆ. ಅಮ್ಮನ ಹೆಸರಿನಲ್ಲಿ 40,000 ರೂಪಾಯಿ ಎಫ್‌ಡಿ ಇದೆ, ಅದರ ಮೇಲೆ ನನ್ನ ಹೆಸರಿಗೆ ಕಾರ್ಡ್ ಕೊಡ್ತಾರಾ?

ವಿನೋಬನಗರದಿಂದ:
ಸಾಮಾನ್ಯವಾಗಿ ಠೇವಣಿ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿಗೇ ಕಾರ್ಡ್. ಅಮ್ಮನ ಹೆಸರಿಗೆ ಮಾಡಿಸಿದರೆ ನಿಮಗೆ ಹೆಚ್ಚುವರಿ ಕಾರ್ಡ್ ಸಿಗುತ್ತದಾ ಅಂತ ಶಾಖೆಯಲ್ಲಿ ಕೇಳಿ. ಬಾಕಿ ಉಳಿದರೆ ಠೇವಣಿಯಿಂದಲೇ ಹಿಡಿದುಕೊಳ್ಳುತ್ತಾರೆ, ಅದನ್ನು ಅಮ್ಮನಿಗೆ ಮೊದಲೇ ಹೇಳಿಬಿಡಿ.