ಕೃಷಿ ಹೊಂಡಕ್ಕೆ ಬಿದ್ದ ಪ್ರಾಣಿ ತಾನೇ ಹತ್ತಿ ಬರುವ ಹಾಗೆ ಮಾಡಬಹುದಾ?

ಬೀಳಗಿ ರೈತ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗಲಕೋಟೆ ಜಿಲ್ಲೆ, ಬೀಳಗಿ ತಾಲ್ಲೂಕು. ಹೊಲ ಯಡಹಳ್ಳಿ ಕಡೆ ಇದೆ. 2016ರಲ್ಲಿ ಅಲ್ಲಿ ಚಿಂಕಾರ ಅನ್ನುವ ಸಣ್ಣ ಹುಲ್ಲೆಗಳಿಗೆ ವನ್ಯಧಾಮ ಮಾಡಿದರಲ್ಲ, ಅದರ ಅಂಚಿಗೆ. ಈ ಸಲ ಮಳೆಗಾಲಕ್ಕೆ ಮುಂಚೆ ಕೃಷಿ ಹೊಂಡ ತೆಗೆಸಬೇಕು. 15 ಮೀಟರ್ ಉದ್ದ, 15 ಅಗಲ, 3 ಮೀಟರ್ ಆಳ. ನಮ್ಮದು ಮಸಾರಿ ಮಣ್ಣು, ನೀರು ನಿಲ್ಲುವುದಿಲ್ಲ. ತಾಡಪತ್ರಿ ಹಾಸಲೇಬೇಕು.

ನನ್ನ ಚಿಂತೆ ಆ ತಾಡಪತ್ರಿಯದ್ದೇ. ಹೋದ ಬೇಸಿಗೆಯಲ್ಲಿ ಪಕ್ಕದ ಹೊಲದ ಹೊಂಡದಲ್ಲಿ ನರಿ ಸತ್ತು ತೇಲಿತ್ತು. ನಾನೂ ಆ ಹೊಲದವರೂ ಸೇರಿ ಹಗ್ಗ ಹಾಕಿ ಎಳೆದೆವು. ನೀರಿನ ಗೆರೆಗಿಂತ ಒಂದು ಗೇಣು ಮೇಲೆ, ನಾಲ್ಕೂ ಬದಿಗೆ, ಸುತ್ತಲೂ ಉಗುರಿನ ಗೀರು. ಒಂದೊಂದು ಮೂಲೆಯಲ್ಲಿ ಜಾಸ್ತಿ ಗೀಚಿತ್ತು. ರಾತ್ರಿಯೆಲ್ಲ ಸುತ್ತು ಹಾಕಿರಬೇಕು. ಎಲ್ಲೂ ಕಾಲು ನಿಂತಿಲ್ಲ. ನೋಡಿ ತುಂಬಾ ಸಂಕಟ ಆಯಿತು.

ಬೇಲಿ ಹಾಕುತ್ತೇನೆ, ಅದು ಬಿಡಿ. ಮಕ್ಕಳು, ದನ ಬೀಳಬಾರದು. ಆದರೆ ಮೊಲ, ಮುಂಗುಸಿ, ಉಡ, ಕಪ್ಪೆ ಇವಕ್ಕೆ ತಂತಿ ಬೇಲಿ ಯಾವ ಲೆಕ್ಕ? ಹೊಂಡ ತೆಗೆಯುವಾಗಲೇ ಏನಾದರೂ ಮಾಡಲು ಬರುತ್ತದಾ? ಇನ್ನೊಂದು, ಹೊರಗಿನಿಂದ ಬರುವ ಕುರಿ, ಹಕ್ಕಿಗಳಿಗೂ ಕುಡಿಯಲು ನೀರು ಸಿಗಬೇಕು ಅಂತ ಆಸೆ. ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಬೀಳದ ಸೀಮೆ ನಮ್ಮದು. ಇದ್ದ ನೀರಿಗೆಲ್ಲ ನಾನೊಬ್ಬನೇ ಬೇಲಿ ಹಾಕಿಕೊಂಡು ಕೂರುವುದು ಮನಸ್ಸಿಗೆ ಬರುವುದಿಲ್ಲ.

ಹೊಂಡದ ಕೆಲಸದವ, ವಿಜಯಪುರ:

ಮಾಡಬಹುದು ರೀ. ತೆಗೆಯುವ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು, ಆಮೇಲೆ ಮಾಡುವುದಕ್ಕಿಂತ ಈಗ ಬಹಳ ಸುಲಭ. ನಾನು ಇದೇ ಕೆಲಸ ಮಾಡುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಸಾಮಾನ್ಯವಾಗಿ ಹೊಂಡದ ಬದಿಯನ್ನು ಒಂದಕ್ಕೊಂದು ಇಳಿಜಾರಿನಲ್ಲಿ ತೆಗೆಯುತ್ತಾರೆ. ಅಂದರೆ ಒಂದು ಮೀಟರ್ ಇಳಿಯಲು ಒಂದೇ ಮೀಟರ್ ಜಾಗ. 45 ಡಿಗ್ರಿ ಆಯಿತು. ಬರೀ ಮಣ್ಣಾಗಿದ್ದರೆ ನರಿ ಹತ್ತುತ್ತದೆ. ಅದರ ಮೇಲೆ ಒದ್ದೆ ಪ್ಲಾಸ್ಟಿಕ್ ಹಾಸಿದರೆ ಮನುಷ್ಯನೂ ಹತ್ತಲಾರ. ಈಜು ಬರುವವರೇ ಇಂಥ ಹೊಂಡಗಳಲ್ಲಿ ಸತ್ತಿದ್ದಾರೆ. ಹಾಗಾಗಿ ಈ ಕೆಲಸ ಪ್ರಾಣಿಗಳಿಗೆ ಮಾತ್ರ ಅಂತ ಯಾರೂ ತಿಳಿಯಬಾರದು.

ನೀವು ಹೇಳಿದ ಗೀರುಗಳಲ್ಲೇ ಉತ್ತರ ಇದೆ. ಬಿದ್ದ ಪ್ರಾಣಿ ನಡುವಿನಲ್ಲಿ ಈಜುವುದಿಲ್ಲ, ಬದಿ ಹಿಡಿದು ಸುತ್ತುತ್ತದೆ. ಮೂಲೆಗೆ ಬಂದು ಅಲ್ಲಿ ಜಾಸ್ತಿ ಒದ್ದಾಡುತ್ತದೆ. ಆದ್ದರಿಂದ ಹತ್ತುವ ದಾರಿ ಮೂಲೆಗೆ ಅಂಟಿಕೊಂಡೇ ಇರಬೇಕು. ಸುತ್ತುತ್ತಾ ಬಂದಾಗ ಅದಕ್ಕೆ ಡಿಕ್ಕಿ ಹೊಡೆಯಬೇಕು. ಬದಿಯಿಂದ ಎರಡಡಿ ದೂರಕ್ಕೆ ಹಲಗೆ ತೇಲಿಬಿಟ್ಟರೆ ಪ್ರಾಣಿ ಅದರ ಹಿಂದಿನಿಂದಲೇ ಈಜಿ ಹೋಗುತ್ತದೆ, ಕಾಣುವುದೇ ಇಲ್ಲ.

ಎರಡನೇ ವಿಷಯ, ದಾರಿ ತಳದವರೆಗೂ ಇಳಿಯಬೇಕು. ಶ್ರಾವಣದಲ್ಲಿ ತುಂಬಿದ ಹೊಂಡ ಮಾರ್ಚಿಗೆ ಒಂದು ಮೀಟರಿಗೆ ಬಂದಿರುತ್ತದೆ. ಪ್ರಾಣಿಗಳು ನೀರು ಹುಡುಕಿ ಬರುವುದು ಆಗಲೇ ಅಲ್ವಾ? ಮೇಲಿನ ಅರ್ಧಕ್ಕೆ ಮಾತ್ರ ಮಾಡಿದ ದಾರಿ ಆ ಹೊತ್ತಿಗೆ ಗಾಳಿಯಲ್ಲಿ ನಿಂತಿರುತ್ತದೆ.

ಈಗ ಲೆಕ್ಕ. ನಿಮ್ಮ ಅಳತೆಗೆ, ನಾಲ್ಕೂ ಬದಿ ಒಂದಕ್ಕೊಂದು ಇಳಿಜಾರು ಅಂದರೆ, 4,41,000 ಲೀಟರ್ ನೀರು ಹಿಡಿಯುತ್ತದೆ. ಒಂದಿಡೀ ಬದಿಯನ್ನು ಮೂರಕ್ಕೊಂದು ಅಂತ ಮಲಗಿಸಿದರೆ 99,000 ಲೀಟರ್ ಹೋಗುತ್ತದೆ. ಅದು ಯಾವ ರೈತನಿಗೂ ಒಪ್ಪುವ ಮಾತಲ್ಲ. ಆದರೆ ಮೂಲೆ ಪಕ್ಕ ಒಂದು ಮೀಟರ್ ಅಗಲದ ಪಟ್ಟಿಯನ್ನು ಮಾತ್ರ ಎರಡಕ್ಕೊಂದು ಮಾಡಿ. ಮೂರು ಮೀಟರ್ ಇಳಿಯಲು ಆರು ಮೀಟರ್ ಜಾಗ. ಹೋಗುವುದು ಸುಮಾರು 4,500 ಲೀಟರ್, ನೂರಕ್ಕೆ ಒಂದು ಪಾಲು. ಹೊಂಡ ತುಂಬಿದ್ದಾಗ ಬಿಸಿಲು ಜೋರಾಗಿ ದಿನಕ್ಕೆ 7 ಮಿಲಿಮೀಟರ್ ಆರಿತು ಅಂದರೂ ಒಂದೂವರೆ ಸಾವಿರ ಲೀಟರ್ ಹಾರಿಹೋಗುತ್ತದೆ. ಅಂದರೆ ಮೂರು ದಿನ ಸೂರ್ಯ ಕುಡಿಯುವ ನೀರಿನಷ್ಟೇ.

ಜೆಸಿಬಿಯವರಿಗೆ ಮೊದಲೇ ಹೇಳಿ, ಅಲ್ಲಿ ಮಣ್ಣು ತೆಗೆಯದೆ ಹಾಗೇ ಬಿಡಲಿ. ಅದರ ಮೇಲೂ ತಾಡಪತ್ರಿ ಹಾಸಿ. ಆಮೇಲೆ ಹಳೇ ಗೋಣಿಚೀಲ ಎರಡು ಪದರ, ಅದರ ಮೇಲೆ ಮಣ್ಣು ತುಂಬಿದ ಚೀಲಗಳನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಇಡುತ್ತಾ ಬನ್ನಿ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಕಲಸಿ ತುಂಬಿದರೆ ಚೀಲ ಬಿಸಿಲಿಗೆ ಹರಿದರೂ ಗಟ್ಟಿ ಮುದ್ದೆ ಉಳಿಯುತ್ತದೆ. ಚೂಪು ಕಲ್ಲು ಬೇಡ, ತಾಡಪತ್ರಿ ತೂತಾಗುತ್ತದೆ. ಎದುರು ಮೂಲೆಯಲ್ಲೂ ಇಂಥದ್ದೇ ಒಂದು ಇದ್ದರೆ ಇನ್ನೂ ಒಳ್ಳೆಯದು. ಸಣ್ಣ ಜೀವಗಳು ಇಡೀ ಹೊಂಡ ಸುತ್ತುವಷ್ಟು ಹೊತ್ತು ಈಜಲಾರವು. ಟಿಟ್ಟಿಭ ಹಕ್ಕಿ ನೋಡಿ, ಬಯಲಲ್ಲೇ, ಒಮ್ಮೊಮ್ಮೆ ಹೊಂಡದ ಏರಿ ಮೇಲೂ ಮೊಟ್ಟೆ ಇಡುತ್ತದೆ. ಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಓಡಾಡುತ್ತದೆ. ಹೊಂಡದ ಅಂಚಿಗೆ ಬಂದರೆ ಜಾರಿತು ಅಂತಲೇ ಲೆಕ್ಕ.

ಏರಿ ಮೇಲೆ ಬೇವು, ಹೊಂಗೆ ಹಚ್ಚಬೇಡಿ, ಬೇರು ತಾಡಪತ್ರಿಗೆ ಹೊಕ್ಕುತ್ತದೆ. ಕರಿಕೆ ಅಥವಾ ಲಾವಂಚ ಸಾಕು.

ಹಟ್ಟಿ ಮನೆಯವಳು, ಮುಧೋಳ:

ಕುರಿ ನೀರಿನ ಬಗ್ಗೆ ನಾನು ಹೇಳುತ್ತೇನೆ ಅಣ್ಣಾರೆ. ನಮ್ಮ ಅಪ್ಪ, ಕಾಕಾ ಇಬ್ಬರೂ ಕುರಿ ಹಿಂದೆ ತಿರುಗುವವರು. ಮೊದಲು ಹಳ್ಳದಲ್ಲಿ ಒರತೆ ತೋಡಿದರೆ ನೀರು ಬರುತ್ತಿತ್ತು, ಬಾವಿ ಪಕ್ಕ ದನ ಕುರಿ ನೀರು ಕುಡಿಯುವ ಕಲ್ಲಿನ ಬಾನಿ ಇರುತ್ತಿತ್ತು. ಈಗ ಎಲ್ಲಿ ನೋಡಿದರೂ ಬೋರು. ಕುರಿಗೆ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಇನ್ನೂರು ಕುರಿ ಅಂದರೆ ಸಾವಿರ ಲೀಟರ್. ಸುಮ್ನೆ ಕೊಡಿ ಅಂತ ಕೇಳಲು ನಮ್ಮವರಿಗೂ ನಾಚಿಕೆ.

ಹಾಗಾಗಿ ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಕಡೆಗೆ ಯಾವ ಹಟ್ಟಿಯವರು ಬರುತ್ತಾರೆ, ಯಾವ ತಿಂಗಳು ಬರುತ್ತಾರೆ ಅಂತ ಕೇಳಿ. ಗೊಬ್ಬರಕ್ಕೆ ಅಂತ ರಾತ್ರಿ ಹೊಲದಲ್ಲಿ ಕುರಿ ತರುಬಿಸಿದರೆ, ಅಂದರೆ ನಿಲ್ಲಿಸಿದರೆ, ರೈತರು ಕಾಳೋ ದುಡ್ಡೋ ಕೊಡುತ್ತಾರಲ್ಲ, ಅದರ ಬದಲು ನೀರು ಕೊಡಿ. ನಿಮಗೆ ಗೊಬ್ಬರ, ಕುರಿಗೆ ನೀರು. ಬಾನಿ ಎಲ್ಲಿ ಇಡಬೇಕು ಅಂತಲೂ ಅವರನ್ನೇ ಕೇಳಿ. ಬಾಯಾರಿದ ಕುರಿ ನೀರು ಕಂಡರೆ ನುಗ್ಗುತ್ತದೆ, ಮುಂದಿನವು ತುಳಿತಕ್ಕೆ ಸಿಗುತ್ತವೆ. ಅದಕ್ಕೆ ಬಾನಿ ಉದ್ದ ಇರಬೇಕು, ಎರಡೂ ಕಡೆಯಿಂದ ಬಾಯಿ ಹಾಕುವ ಹಾಗೆ. ಕೆಳಗೆ ಪರಸಿ ಕಲ್ಲು ಹಾಸಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಕೆಸರು.

ಎಳ್ಳಮವಾಸ್ಯೆಗೆ ಹೊಲಕ್ಕೆಲ್ಲ ಚರಗ ಚೆಲ್ಲುತ್ತೇವೆ. ಹುಳಹುಪ್ಪಟೆಗೂ ಹಕ್ಕಿಗೂ ಪಾಲು ಅಂತ ನಮ್ಮವ್ವ ಪ್ರತಿ ಸಲ ಹೇಳುತ್ತಾಳೆ. ನೀವು ನೀರಿಗೂ ಅದನ್ನೇ ಯೋಚನೆ ಮಾಡಿದ್ದು ಓದಿ ಬಹಳ ಸಂತೋಷ ಆಯಿತು.

ದಾಳಿಂಬೆ ತೋಟ, ಜಮಖಂಡಿ:

ನನ್ನದು ಬೇರೆ ಮಾತು. ಹತ್ತುವ ದಾರಿಗೆ ನಾನೂ ಒಪ್ಪುತ್ತೇನೆ. ಸತ್ತ ಪ್ರಾಣಿ ಕೊಳೆತರೆ ನೀರೂ ಕೆಡುತ್ತದೆ, ಡ್ರಿಪ್ಪಿನ ಫಿಲ್ಟರೂ ಕಟ್ಟುತ್ತದೆ. ಆದರೆ ಹೊರಗೆ ಬಾನಿ ಇಟ್ಟರೆ ಚಿಂಕಾರ ಒಂದೇ ಬರುವುದಿಲ್ಲ. ಕಾಡುಹಂದಿ ಬರುತ್ತದೆ. ಒಂದು ರಾತ್ರಿ ಹಂದಿ ಹಿಂಡು ಹೊಕ್ಕರೆ ಗೋವಿನಜೋಳ ಏನಾಗುತ್ತದೆ ಅಂತ ಬೆಳೆದವರಿಗೇ ಗೊತ್ತು. ಆ ನಷ್ಟ ಯಾರು ಕಟ್ಟಿಕೊಡುತ್ತಾರೆ? ಪಕ್ಕದ ಹೊಲದವರನ್ನೂ ಒಂದು ಮಾತು ಕೇಳಿ, ಅವರ ಬೆಳೆಯೂ ಹೋಗುತ್ತದೆ.

ಹೊಂಡದ ಕೆಲಸದವ, ವಿಜಯಪುರ:

ಜಮಖಂಡಿಯವರು ಹೇಳಿದ್ದು ನಿಜ. ಹಂದಿ ಬರುವುದೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಜಾಗ ನೋಡಿ ಇಟ್ಟರೆ ತೊಂದರೆ ಕಡಿಮೆ ಮಾಡಬಹುದು.

ಬಾನಿ ಬೆಳೆಯ ಕಡೆ ಬೇಡ. ಗುಡ್ಡದ ಕಡೆ, ಕಲ್ಲು ಬೀಳು ಇರುವಲ್ಲಿ ಇಡಿ. ಪ್ರಾಣಿ ಗುಡ್ಡದಿಂದ ಇಳಿದು, ಕುಡಿದು, ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ನಿಮ್ಮ ಹೊಲ ದಾಟಿ ನೀರಿಗೆ ಬರುವ ಹಾಗೆ ಇಟ್ಟರೆ ಬೆಳೆಗೆ ನಾವೇ ದಾರಿ ತೋರಿಸಿದ ಹಾಗೆ. ರಸ್ತೆ ದಾಟಿಸುವುದೂ ಬೇಡ. ಸುತ್ತ ಬಯಲಿರಲಿ. ಚಿಂಕಾರ ನಾಲ್ಕೂ ಕಡೆ ಕಣ್ಣು ಹಾಯುವ ಜಾಗದಲ್ಲೇ ಧೈರ್ಯವಾಗಿ ಬಾಯಿ ಇಡುತ್ತದೆ. ಬೇಲಿ ಮೂಲೆ ಹತ್ತಿರ ಇಟ್ಟರೆ ಊರ ನಾಯಿಗಳು ಅಟ್ಟಿಕೊಂಡು ಬಂದಾಗ ಅಲ್ಲೇ ಸಿಕ್ಕಿಬೀಳುತ್ತದೆ. ರಾತ್ರಿ ದೀಪ ಹಾಕಬೇಡಿ. ಚಿಂಕಾರ ಸೊಪ್ಪಿನ ಹಸಿಯಲ್ಲೇ ಬಹಳ ದಿನ ತಳ್ಳುತ್ತದೆ, ಅದಕ್ಕಾಗಿ ವರ್ಷವಿಡೀ ಬಾನಿ ತುಂಬಿಸುವುದು ಬೇಕಿಲ್ಲ. ಫೆಬ್ರವರಿಯಿಂದ ಮಳೆ ಬರುವವರೆಗೆ ಸಾಕು. ಹಂದಿ ನುಗ್ಗುವಂಥ ಬೆಳೆ ಹೊಲದಲ್ಲಿ ಇರುವಾಗ ಬಾನಿಗೆ ನೀರು ಬಿಡಬೇಡಿ.

ತುಂಬಿಸಲು ಬೇರೆ ಶ್ರಮ ಬೇಡ. ಡ್ರಿಪ್ಪಿಗೆ ಹೋಗುವ ಪೈಪಿಗೆ ಕವಲು ತೆಗೆಯುವ ಒಂದು ಟೀ ಜೋಡಣೆ, ಒಂದು ಸಣ್ಣ ವಾಲ್ವ್ ಹಾಕಿ. ಪಂಪು ಓಡಿದಾಗಲೆಲ್ಲ ಬಾನಿಗೂ ಬೀಳುತ್ತದೆ. ಬಾನಿಯ ಒಂದು ತುದಿಯಲ್ಲಿ ನೀರು ಮೂರು ಬೆರಳಿಗಿಂತ ಆಳ ಇರಬಾರದು, ಅಲ್ಲಿ ಗುಂಡು ಕಲ್ಲು ಹಾಕಿಡಿ. ಜೇನು ಬಂದು ಕೂರುವುದು ಆ ಕಲ್ಲಿನ ಮೇಲೆ. ನಡುವೆ ಕಾಲಿಡಲು ಜಾಗ ಇಲ್ಲದಿದ್ದರೆ ಜೇನೂ ಮುಳುಗುತ್ತದೆ.

ಬೀಳಗಿ ರೈತ:

ಎಲ್ಲರಿಗೂ ಧನ್ಯವಾದ. ಲೆಕ್ಕ ನೋಡಿ ಮನೆಯಲ್ಲೂ ಒಪ್ಪಿದರು, ದಾರಿಯೊಂದಕ್ಕೆ 4,500 ಲೀಟರ್ ಅಂದ ಮೇಲೆ ಯಾರೂ ಮಾತಾಡಲಿಲ್ಲ. ಎರಡು ಮೂಲೆಗೂ ದಾರಿ ಬಿಡಿಸುತ್ತೇನೆ. ಹಟ್ಟಿಯವರನ್ನು ಸಂತೆಯ ದಿನ ಕಂಡು ಮಾತಾಡುತ್ತೇನೆ ತಂಗಿ. ಪಕ್ಕದ ಹೊಲದವರನ್ನೂ ಬಾನಿ ಜಾಗ ನೋಡಲು ಕರೆಯುತ್ತೇನೆ, ಅದು ನ್ಯಾಯವಾದ ಮಾತು.

ಇನ್ನೊಂದು ಕೇಳಬೇಕು. ನರಿ ಸತ್ತ ಹೊಂಡ ಈಗಾಗಲೇ ಆಗಿಹೋಗಿದೆ, ನೀರೂ ಇದೆ. ಅವರೂ ಏನಾದರೂ ಮಾಡೋಣ ಅನ್ನುತ್ತಿದ್ದಾರೆ. ಅದಕ್ಕೆ ದಾರಿ ಇದೆಯಾ?

ಹೊಂಡದ ಕೆಲಸದವ, ವಿಜಯಪುರ:

ಇದೆ. ತೆಂಗಿನ ನಾರಿನ ಹಗ್ಗದ ಬಲೆ ತನ್ನಿ, ಒಂದು ಮೀಟರ್ ಅಗಲದ್ದು. ಕೆಳ ತುದಿಗೆ ಮರಳು ತುಂಬಿದ ಚೀಲ ಕಟ್ಟಿ ಮೂಲೆಯ ಗೆರೆಯಲ್ಲೇ ತಳದವರೆಗೆ ಇಳಿಬಿಡಿ. ಮೂಲೆಯಲ್ಲಿ ಇಳಿಜಾರು ಉಳಿದ ಬದಿಗಿಂತ ಕಡಿಮೆ ಇರುತ್ತದೆ, 35 ಡಿಗ್ರಿ ಆಸುಪಾಸು. ಉಗುರಿಗೂ ಹಿಡಿತ ಸಿಗುತ್ತದೆ, ಬಿದ್ದ ಮಗುವಿನ ಕೈಗೂ ಸಿಗುತ್ತದೆ. ಬಲೆಯ ಕಣ್ಣು ಸಣ್ಣದಿರಲಿ, ದೊಡ್ಡದಾದರೆ ಕಾಲು ಸಿಕ್ಕಿಕೊಳ್ಳುತ್ತದೆ. ಬಲೆ ಕಟ್ಟುವ ಮೇಲಿನ ಗೂಟವನ್ನು ತಾಡಪತ್ರಿಯ ಅಂಚು ಹೂತಿರುವ ಕಾಲುವೆಯ ಒಳಗೆ ಹೊಡೆಯಬೇಡಿ, ಅದಕ್ಕಿಂತ ಒಂದು ಮೀಟರ್ ಆಚೆ ಹೊಡೆಯಿರಿ. ನಾರು ನೀರಲ್ಲಿ ಕೊಳೆಯುತ್ತದೆ, ಪ್ರತಿ ಬೇಸಿಗೆಗೆ ಮುಂಚೆ ಒಮ್ಮೆ ಎಳೆದು ನೋಡಿ, ಸಡಿಲವಾಗಿದ್ದರೆ ಬದಲಿಸಿ.