ಹಳೇ ಹಿಪ್ ಹಾಪ್ ಅಂದ್ರೆ ನಂಗೆ ಪ್ರಾಣ, ಮನೇಲಿ ಮಾತ್ರ "ಕದ್ದ ಟ್ಯೂನು, ಬರೀ ಮಾತು" ಅಂತಾರೆ. ಏನ್ ಕೇಳಿಸ್ಲಿ?

ಬೆಣ್ಣೆದೋಸೆ79:

ನಮಸ್ಕಾರ ಎಲ್ರಿಗೂ. ವಯಸ್ಸು ನಲವತ್ತೈದು ದಾಟಿದೆ, ಬಿಪಿ ಮಾತ್ರೆನೂ ಶುರುವಾಗಿದೆ, ಆದ್ರೂ ಬೆಳಿಗ್ಗೆ ಕಾರಲ್ಲಿ ಕೇಳೋದು 1988ರಿಂದ 96ರ ಒಳಗಿನ ನ್ಯೂಯಾರ್ಕ್ ರ‍್ಯಾಪೇ. ಇದು ಹೆಂಗೆ ಅಂಟ್ಕೊಂತು ಅಂತ ಮೊದ್ಲು ಹೇಳ್ಬಿಡ್ತೀನಿ, ಆಮೇಲೆ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

98ರಲ್ಲಿ ದಾವಣಗೆರೇಲಿ ಇಂಜಿನಿಯರಿಂಗ್, ಹಾಸ್ಟೆಲ್ ವಾಸ. ಸೀನಿಯರ್ ಒಬ್ರ ಅಣ್ಣ ಅಮೆರಿಕದಿಂದ ಬಂದೋರು ಒಂದು ಟಿಡಿಕೆ 90 ನಿಮಿಷದ ಕ್ಯಾಸೆಟ್ ಬಿಟ್ಟು ಹೋಗಿದ್ರು. ಹಾಡಿನ ಹೆಸರಿಲ್ಲ, ಹಾಡೋರ ಹೆಸರಿಲ್ಲ, ಪೆನ್ನಲ್ಲಿ "ಮಿಕ್ಸ್" ಅಂತ ಗೀಚಿದ್ದು ಅಷ್ಟೇ. ನಾನು ಚಿತ್ರದುರ್ಗದ ಕಡೆ ಕನ್ನಡ ಮೀಡಿಯಂ ಹುಡುಗ, ಅವ್ರ ಇಂಗ್ಲಿಷಲ್ಲಿ ಹತ್ತಕ್ಕೆ ಎರಡು ಮಾತು ತಿಳಿದ್ರೆ ಹೆಚ್ಚು. ಆದ್ರೆ ಆ ಡ್ರಮ್ಮು, ಡ್ರಮ್ಮಿನ ಹಿಂದೆ ಚಟಪಟ ಅನ್ನೋ ಹಳೇ ರೆಕಾರ್ಡಿನ ಸದ್ದು, ಮೇಲೆ ಒಬ್ಬ ಉಸಿರು ತಗೊಳ್ದಂಗೆ ಹೇಳ್ಕೊಂಡು ಹೋಗೋದು, ಅದು ಸೀದಾ ಎದೆಗೆ ಬಂದು ಕೂತ್ಕೊಂತು ಮಾರಾಯ. ಎರಡು ವರ್ಷ ಕೇಳಿದೀನಿ, ಹಾಡೋರು ಯಾರು ಅಂತಾನೇ ಗೊತ್ತಿಲ್ದೆ. ಆಮೇಲೆ ಸೈಬರ್ ಕೆಫೆಗೆ ಹೋಗಿ ಕಿವಿಗೆ ಬಿದ್ದಂಗೆ ತಪ್ಪು ತಪ್ಪು ಸಾಲು ಟೈಪ್ ಮಾಡಿ ಒಂದೊಂದಾಗಿ ಪತ್ತೆ ಹಚ್ಚಿದ್ದು. ಒಂದು ರಾಕಿಂದು, ಎರಡು ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, ಒಂದು ಗ್ಯಾಂಗ್ ಸ್ಟಾರ್, ಎ ಸೈಡಿನ ಕೊನೇದು ನಾಸ್. ಆ ಕೊನೇ ಹಾಡು ಮುಗಿಯೋ ಮುಂಚೆನೇ ಟೇಪು ಟಕ್ ಅಂತ ನಿಂತ್ಹೋಗ್ತಿತ್ತು.

ಈಗ ಪ್ರಶ್ನೆ. ನನ್ನ ಹೆಂಡ್ತಿ ಸುಗಮ ಸಂಗೀತ ಕಲಿತೋಳು, ಕಿವಿ ಬಹಳ ಚುರುಕು. ಅವಳ ದೂರು ಎರಡೇ. ಒಂದು, ಇದ್ರಲ್ಲಿ ಹಾಡೆಲ್ಲಿದೆ, ಬರೀ ಮಾತು. ಎರಡು, ಟ್ಯೂನೂ ಇವ್ರದ್ದಲ್ಲ, ಬೇರೆಯೋರ ರೆಕಾರ್ಡಿಂದ ಕದ್ದಿದ್ದು. ಮೊದಲನೇದಕ್ಕೆ ಹೆಂಗೋ ವಾದ ಮಾಡ್ತೀನಿ, ಎರಡನೇದಕ್ಕೆ ತಡವರಿಸ್ತೀನಿ. ಈ ಭಾನುವಾರ "ಮೂರು ಹಾಡು ಹಾಕು, ಕೂತು ಕೇಳ್ತೀನಿ" ಅಂತ ಒಪ್ಕೊಂಡಿದಾಳೆ. ಯಾವ ಮೂರು ಹಾಕ್ಲಿ? ಕದ್ದಿದ್ದು ಅನ್ನೋದಕ್ಕೆ ನೀವಾದ್ರೆ ಏನ್ ಹೇಳ್ತೀರ?

---

ಹಳೇಟೇಪು:

ಗುರುವೇ, ಕದ್ದಿದ್ದು ಹೌದೋ ಅಲ್ವೋ ಅಂತ ಆಮೇಲೆ ನೋಡೋಣ, ಮೊದ್ಲು ಆ ಕೆಲಸ ಎಷ್ಟು ಕಷ್ಟ ಇತ್ತು ಅಂತ ಅತ್ತಿಗೆಗೆ ಹೇಳಿ. 1987ರಲ್ಲಿ ಎಸ್‌ಪಿ-1200 ಅಂತ ಒಂದು ಮಷೀನ್ ಬಂತು. ಹಳೇ ರೆಕಾರ್ಡಿಂದ ತುಣುಕು (ಸ್ಯಾಂಪಲ್ ಅಂತಾರೆ) ಹಿಡ್ಕೊಂಡು ಬಟನ್ ಒತ್ತಿದಾಗ ನುಡಿಸುತ್ತೆ. ಒಟ್ಟು ಹಿಡ್ಕೊಳೋಕೆ ಆಗ್ತಿದ್ದದ್ದು ಹತ್ತು ಸೆಕೆಂಡು. ಹತ್ತೇ! ಒಂದು ತುಣುಕು ಎರಡೂವರೆ ಸೆಕೆಂಡಿಗಿಂತ ಜಾಸ್ತಿ ಇರಂಗಿಲ್ಲ. ಅಷ್ಟರಲ್ಲಿ ಡ್ರಮ್ಮು, ಬೇಸು, ಸ್ಯಾಕ್ಸು ಎಲ್ಲಾ ತುರುಕ್ಬೇಕು. ಹಂಗಾಗಿ ಹುಡುಗ್ರು ಏನ್ ಮಾಡ್ತಿದ್ರು ಅಂದ್ರೆ 33ರ ಎಲ್ಪಿನ 45ರ ಸ್ಪೀಡಲ್ಲಿ ಓಡಿಸಿ ರೆಕಾರ್ಡ್ ಮಾಡ್ಕೊಳೋದು, ಕಮ್ಮಿ ಜಾಗ ಹಿಡಿಯುತ್ತೆ, ಆಮೇಲೆ ಮಷೀನಲ್ಲಿ ಸ್ಪೀಡ್ ಇಳ್ಸೋದು. ಹಂಗೆ ಇಳ್ಸಿದಾಗ ಸದ್ದು ಒರಟಾಗುತ್ತೆ, ಮರಳು ಉಜ್ಜಿದಂಗೆ. ಮಷೀನೇ 12 ಬಿಟ್, ಅದೂ ಸೇರ್ಕೊಂಡು ಇನ್ನೊಂಚೂರು ಮಸುಕು. ನಾವೆಲ್ಲ ಪ್ರಾಣ ಬಿಡೋ ಆ ಕೊಳಕು ಡ್ರಮ್ ಸದ್ದು ಬಂದಿದ್ದು ಜಾಗ ಉಳಿಸೋ ಜಿಪುಣತನದಿಂದ.

ಹಾಡು ಅಂದ್ರೆ ಪೀಟ್ ರಾಕ್ ಮತ್ತೆ ಸಿಎಲ್ ಸ್ಮೂತ್, ದೇ ರೆಮಿನಿಸ್ ಓವರ್ ಯು, 1992. ಟ್ರಾಯ್ ಅಂತ ಅವರ ಗೆಳೆಯ ಒಬ್ಬ ಡ್ಯಾನ್ಸರ್, 1990ರಲ್ಲಿ ತೀರ್ಕೊಂಡ, ಅವನ ನೆನಪಿಗೆ ಮಾಡಿದ್ದು. ಆ ಸ್ಯಾಕ್ಸ್ ಟಾಮ್ ಸ್ಕಾಟ್ ಅನ್ನೋರ ಅರವತ್ತರ ದಶಕದ ರೆಕಾರ್ಡಿಂದು. ಮೂಲದಲ್ಲಿ ಅದು ಹಂಗೇ ಬಂದು ಹಂಗೇ ಹೋಗುತ್ತೆ, ಯಾರೂ ಗಮನಿಸಲ್ಲ. ಪೀಟ್ ರಾಕ್ ಅಷ್ಟನ್ನೇ ಎತ್ಕೊಂಡು ತಿರುಗಿ ತಿರುಗಿ ನುಡಿಸ್ದಾಗ ಮಾತ್ರ ಅದು ಅಳು ಅಂತ ಗೊತ್ತಾಗೋದು. ಎರಡನ್ನೂ ಹಿಂದೆ ಮುಂದೆ ಹಾಕಿ ಕೇಳಿಸಿ.

---

ಗಿರಣಿಚಾಳ್:

ಎಲ್ಲಾ ಖರೆ ಅದ ರೀ, ಆದ್ರ ನಿಮ್ಮ ಮನಿಯವ್ರು ಹೇಳೋದ್ರಾಗೂ ಅರ್ಥ ಅದ. ನಾನೂ ಇಪ್ಪತ್ತು ವರ್ಷದಿಂದ ಕೇಳಾಕತ್ತೀನಿ, ಆದ್ರೂ ಒಂದು ಮಾತು ಹೇಳ್ಲೇಬೇಕು. 1969ರಾಗ ದಿ ವಿನ್‌ಸ್ಟನ್ಸ್ ಅನ್ನೋ ಬ್ಯಾಂಡ್ ಅಮೆನ್ ಬ್ರದರ್ ಅಂತ ಒಂದು ಹಾಡು ಮಾಡಿತ್ತು, ಅದೂ ರೆಕಾರ್ಡಿನ ಹಿಂದಿನ ಮಗ್ಗಲಿಗೆ, ಲೆಕ್ಕಕ್ಕಿಲ್ಲದ್ದು. ನಡುವ ಆರೇಳು ಸೆಕೆಂಡು ಡ್ರಮ್ಮರ್ ಒಬ್ಬನ ಬಾರಿಸ್ತಾನ. ಆ ಆರೇಳು ಸೆಕೆಂಡ್ ತಗೊಂಡು ಜಗತ್ತಿನ ತುಂಬ ಸಾವಿರಾರು ಹಾಡು ಆದ್ವು. ಬಾರಿಸಿದ ಗ್ರೆಗರಿ ಕೋಲ್ಮನ್‌ಗ ರಾಯಲ್ಟಿ ಅಂತ ಒಂದು ರೊಕ್ಕ ಬರಲಿಲ್ಲ, 2006ರಾಗ ತೀರ್ಕೊಂಡ. ಜೇಮ್ಸ್ ಬ್ರೌನ್‌ನ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಕಥಿನೂ ಹಂಗ. ಫಂಕಿ ಡ್ರಮ್ಮರ್ ಅಂತ ಹಾಡಿಗೆ ಹೆಸರು ಇಟ್ರು, ಡ್ರಮ್ಮರ್‌ನ ಹೆಸರು ಬರೀಲಿಲ್ಲ. ಇದನ್ನ ಕಲೆ ಕಲೆ ಅಂತ ಹಾಡಿ ಹೊಗಳೋ ಮುಂದ ಅವರನ್ನ ಮರೀಬ್ಯಾಡ್ರಿ. ಮನಿಯವರ ಜೊತಿ ವಾದದಾಗ ನೀವು ಸೋತ್ರ ತಪ್ಪೇನಿಲ್ಲ.

---

ಹಳೇಟೇಪು:

ಒಪ್ಪಿದೆ ಸಾರ್. ಆದ್ರೆ ರೊಕ್ಕ ಕೊಡ್ಲೇಬೇಕು ಅಂತ ಕೋರ್ಟು ಹೇಳಿದ್ಮೇಲೆ ಏನಾಯ್ತು ಅಂತಾನೂ ನೋಡಿ. 1991ರಲ್ಲಿ ಬಿಜ್ ಮಾರ್ಕಿ ಅನ್ನೋ ರ‍್ಯಾಪರ್ ಮೇಲೆ ಕೇಸು, ಜಡ್ಜು ತೀರ್ಪು ಶುರು ಮಾಡಿದ್ದೇ ಬೈಬಲ್ಲಿನ "ಕದಿಯಬೇಡ" ಅನ್ನೋ ಮಾತಿಂದ. (ಅವ್ನು 93ರಲ್ಲಿ ಮುಂದಿನ ಆಲ್ಬಮ್ಮಿಗೆ "ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್" ಅಂತಾನೇ ಹೆಸರಿಟ್ಟ, ಕೊಬ್ಬು ನೋಡಿ.) ಅಲ್ಲಿಂದ ಒಂದೊಂದು ತುಣುಕಿಗೂ ಪರ್ಮಿಷನ್ನು, ದುಡ್ಡು. ಇಪ್ಪತ್ತು ರೆಕಾರ್ಡು ಸೇರಿಸಿ ಒಂದು ಹಾಡು ಹೊಲಿಯೋ ಕಾಲ ಅಲ್ಲಿಗೆ ಮುಗೀತು. ಡಿ ಲಾ ಸೋಲ್ ಅನ್ನೋ ಮೂವರ ತಂಡದ 1989ರ ಮೊದಲ ಆಲ್ಬಮ್ ಈ ಸ್ಯಾಂಪಲ್ ತಕರಾರು, ಕಂಪನಿ ಜಗಳ ಅಂತ 2023ರ ಮಾರ್ಚ್ ತನಕ ಸ್ಟ್ರೀಮಿಂಗಿಗೇ ಬರ್ಲಿಲ್ಲ. ಮೂವರಲ್ಲಿ ಒಬ್ಬ, ಟ್ರುಗಾಯ್, ಅದು ಬರೋ ಹದಿನೈದಿಪ್ಪತ್ತು ದಿನ ಮುಂಚೆ ಹೋಗ್ಬಿಟ್ಟ. ನಂಗೆ ಅದು ಇವತ್ತಿಗೂ ಹೊಟ್ಟೆ ಉರಿಯುತ್ತೆ.

---

ಕುಡ್ಲದಕಿವಿ:

ಅವರು ನಮ್ಮದನ್ನೂ ಬಿಡ್ಲಿಲ್ಲ ಮಾರಾಯ್ರೆ. 2002ರಲ್ಲಿ ಟ್ರೂತ್ ಹರ್ಟ್ಸ್ ಅನ್ನುವವಳ ಹಾಡಲ್ಲಿ ಲತಾ ಮಂಗೇಶ್ಕರ್ ಸ್ವರ ಹಾಗೇ ಎತ್ತಿ ಹಾಕಿದ್ದು, ಬಪ್ಪಿ ಲಹಿರಿ ಅಮೆರಿಕದ ಕೋರ್ಟಿಗೇ ಹೋದ್ರು, ಹೆಸರು ಹಾಕದಿದ್ರೆ ಸಿಡಿ ಮಾರ್ಬೇಡಿ ಅಂತ ಆರ್ಡರೂ ಆಯ್ತು. ನಮ್ಮ ಸಿನಿಮಾದವರು ಅವರ ಟ್ಯೂನ್ ಎತ್ತಿದಾಗ ಯಾವ ಹೆಸರು ಹಾಕಿದ್ರು ಅಂತ ಮಾತ್ರ ಕೇಳ್ಬೇಡಿ.

ಇನ್ನು "ಬರೀ ಮಾತು" ಅನ್ನೋದಕ್ಕೆ. ಅವರಿಗೆ ತಾಳಮದ್ದಳೆ ಕೇಳಿ ಗೊತ್ತುಂಟಾ? ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಎದುರಿನ ಅರ್ಥಧಾರಿ ಒಂದು ಎಸೆದ್ರೆ ಈಚಿನವ ಅದನ್ನೇ ಹಿಡಿದು ತಿರುಗಿಸಿ ಎಸೀಬೇಕು, ಬಾಯಿಪಾಠ ನಡೆಯೋದಿಲ್ಲ. ರಾತ್ರಿ ಎರಡು ಗಂಟೆಗೂ ಜನ ಕೂತಿರ್ತಾರೆ ಮಾತು ಕೇಳ್ಲಿಕ್ಕೇ. ನ್ಯೂಯಾರ್ಕಿನ ಬ್ರಾಂಕ್ಸಲ್ಲಿ ರ‍್ಯಾಪರ್‌ಗಳು ಎದುರುಬದುರು ನಿಂತು ಮಾಡುವ ಬ್ಯಾಟಲ್ ಅಂದ್ರೂ ಅದೇ ಅಲ್ವಾ.

---

ಕಟ್ಟೆಪುರಾಣ:

ಬಂತಪ್ಪ, "ನಮ್ಮಲ್ಲೂ ಇತ್ತು". ತಾಳಮದ್ದಳೆ ದೊಡ್ಡದೇ, ಇಲ್ಲ ಅನ್ನಲ್ಲ, ಆದ್ರೆ ಅಲ್ಲಿ ಪುರಾಣದ ಪ್ರಸಂಗ ಇದೆ, ಭಾಗವತರಿದ್ದಾರೆ, ಕೃಷ್ಣ ಕೃಷ್ಣನೇ ಆಗಿರ್ಬೇಕು. ಇಲ್ಲಿ ಹುಡುಗ ತನ್ನ ಬೀದಿ ಹೆಸರು, ತನ್ನ ಬಿಲ್ಡಿಂಗ್ ನಂಬರ್ ಹೇಳ್ತಾ ತಾನೇ ಪಾತ್ರ ಆಗ್ತಾನೆ. ಎರಡೂ ಒಂದೇ ಅಂದ್ರೆ ಎರಡಕ್ಕೂ ಅನ್ಯಾಯ.

ಹೋಲಿಸ್ಲೇಬೇಕು ಅಂದ್ರೆ ಪ್ರಾಸ ಹಿಡೀರಿ. ನಮ್ಮ ಹಳೇ ಕಾವ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಕೂಡ್ಬೇಕು, ಆದಿಪ್ರಾಸ. ಮಂಜೇಶ್ವರ ಗೋವಿಂದ ಪೈಗಳು ಅದನ್ನ ಬಿಟ್ಟು ಬರೆದಾಗ ಗಲಾಟೆನೇ ಆಯ್ತು. ರ‍್ಯಾಪಲ್ಲಿ ಶುರುವಿಗೆ ಪ್ರಾಸ ಸಾಲಿನ ಕೊನೇಲಿ ಮಾತ್ರ, ಟಕ ಟಕ ಅಂತ, ಮಕ್ಕಳ ಪದ್ಯದ ಥರ. 1987ರ ಆಚೀಚೆ ರಾಕಿಂ ಬಂದು ಪ್ರಾಸನ ಸಾಲಿನ ಹೊಟ್ಟೆ ಒಳಗೆ ಇಡೋಕೆ ಶುರು ಮಾಡ್ದ, ಒಂದೇ ಸಾಲಲ್ಲಿ ಮೂರು ನಾಲ್ಕು, ಸಾಲು ಮುಗಿದ್ರೂ ಮಾತು ಮುಗಿಯಲ್ಲ, ಮುಂದಿನ ಸಾಲಿಗೆ ಜಾರುತ್ತೆ. ಅವ್ನು ಮೊದ್ಲು ಸ್ಯಾಕ್ಸ್ ನುಡಿಸ್ತಿದ್ದೋನು, ಕೋಲ್ಟ್ರೇನ್ ಭಕ್ತ, ಉಸಿರಿನ ಲೆಕ್ಕ ಅಲ್ಲಿಂದ ಬಂದಿದ್ದು. ಕೂಗಾಡಲ್ಲ, ಪಕ್ಕದಲ್ಲಿ ಕೂತು ಮಾತಾಡ್ದಂಗೆ ಹೇಳ್ತಾನೆ. ಪೇಯ್ಡ್ ಇನ್ ಫುಲ್ ಹಾಕಿ.

---

ಎಡಿಸನ್‌ಕನ್ನಡಿಗ:

ನಾನು ನ್ಯೂಜೆರ್ಸಿಲಿ ಇರೋದು. ಎರಡು ವರ್ಷದ ಹಿಂದೆ ಒಂದು ಶನಿವಾರ ಮಗನ್ನ ಕರ್ಕೊಂಡು 1520 ಸೆಜ್‌ವಿಕ್ ಅವೆನ್ಯೂ ನೋಡೋಕೆ ಹೋಗಿದ್ದೆ, ಬ್ರಾಂಕ್ಸಲ್ಲಿ, ಹಿಪ್ ಹಾಪ್ ಹುಟ್ಟಿದ್ದೇ ಅಲ್ಲಿ ಅಂತಾರೆ. ನಿಜ ಹೇಳ್ಬೇಕಂದ್ರೆ ನೋಡೋಕೆ ಏನೂ ಇಲ್ಲ, ಇಟ್ಟಿಗೆ ಬಿಲ್ಡಿಂಗು, ಜನ ಸಂಸಾರ ಮಾಡ್ಕೊಂಡಿದಾರೆ, ಪಕ್ಕದಲ್ಲೇ ಹೈವೇ ಭೋರ್ ಅಂತಿರುತ್ತೆ. 11 ಆಗಸ್ಟ್ 1973, ಇಲ್ಲಿನ ಕೆಳಗಿನ ಹಾಲಲ್ಲಿ ಸಿಂಡಿ ಕ್ಯಾಂಬೆಲ್ ಅನ್ನೋ ಹುಡುಗಿ ಸ್ಕೂಲ್ ಶುರುವಾಗೋಕೆ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಪಾರ್ಟಿ ಇಟ್ಳು, ಹುಡುಗೀರಿಗೆ 25 ಸೆಂಟ್, ಹುಡುಗ್ರಿಗೆ 50. ಹಾಡು ಹಾಕಿದ್ದು ಅವಳಣ್ಣ ಕೂಲ್ ಹರ್ಕ್, ಜಮೈಕಾದಿಂದ ಬಂದ ಹುಡುಗ. ಜನ ಹುಚ್ಚೆದ್ದು ಕುಣಿಯೋದು ಹಾಡಿಗಲ್ಲ, ಮಧ್ಯೆ ಬರೀ ಡ್ರಮ್ ಉಳಿಯೋ ಆ ಕೆಲವೇ ಸೆಕೆಂಡಿಗೆ ಅಂತ ಅವ್ನು ಗಮನಿಸಿದ್ದ. ಅದಕ್ಕೇ ಒಂದೇ ರೆಕಾರ್ಡ್ ಎರಡು ತಂದು, ಒಂದರಲ್ಲಿ ಆ ಜಾಗ ಮುಗೀತಿದ್ದಂಗೆ ಇನ್ನೊಂದರಲ್ಲಿ ಶುರು, ಹಂಗೇ ನಿಮಿಷಗಟ್ಟಲೆ ಎಳೆಯೋ ಉಪಾಯ ಹಿಡ್ದ. ಅತ್ತಿಗೆಗೆ ಇದನ್ನ ಹೇಳಿ, ಅವರು ಕದ್ದಿದ್ದು ಅನ್ನೋದು ಹಿಪ್ ಹಾಪಿಗೆ ಹುಟ್ಟಿನಿಂದಾನೇ ಬಂದಿದ್ದು. ಕೈಯಲ್ಲಿ ವಾದ್ಯ ಇಲ್ಲ, ಮೇಷ್ಟ್ರಿಲ್ಲ, ಮನೇಲಿರೋ ರೆಕಾರ್ಡೇ ವಾದ್ಯ.

ಮಗ "ಅಪ್ಪ ಇಷ್ಟಕ್ಕೆ ಒಂದೂವರೆ ಗಂಟೆ ಡ್ರೈವಾ" ಅಂದ. ಅವನಿಗೆ ಪಿಜ್ಜಾ ಕೊಡ್ಸಿ ವಾಪಸ್ ಬಂದ್ವಿ. ನಾಸ್ ಹುಟ್ಟಿದ್ದು ಆ ಪಾರ್ಟಿ ಆಗಿ ಒಂದು ತಿಂಗಳಿಗೆ, 1973ರ ಸೆಪ್ಟೆಂಬರು. ದಾರೀಲಿ ಮಗನಿಗೆ ನಾಸ್‌ನ ಮೊದಲ ಆಲ್ಬಮ್ ಇಲ್‌ಮ್ಯಾಟಿಕ್ ಹಾಕ್ದೆ, ನಿದ್ದೆ ಹೋದ.

---

ಮಳೆಗಾಲದಹುಡುಗಿ:

ಗಂಡಸರ ಸಭೆ ಥರ ಇದೆ ಅದಕ್ಕೆ ನಾನೊಂದು ಹೇಳ್ಬಿಡ್ತೀನಿ. ಮನೇಲಿ ಹೆಂಡ್ತಿಗೆ ಕೇಳಿಸೋ ಮೂರು ಹಾಡಲ್ಲಿ ಒಂದೂ ಹೆಣ್ಣು ದನಿ ಇಲ್ವಾ? ನಾನು ಇದನ್ನ ಬಹಳ ಪ್ರೀತಿಯಿಂದ ಕೇಳ್ತೀನಿ, ಆದ್ರೆ ಎಷ್ಟೋ ಹಾಡಲ್ಲಿ ನಮ್ಮ ಬಗ್ಗೆ ಬಳಸೋ ಪದ ಕೇಳಿ ಸ್ಕಿಪ್ ಮಾಡಿದೀನಿ, ಬೀಟ್ ಎಷ್ಟೇ ಚೆನ್ನಾಗಿದ್ರೂ. ಎಂಸಿ ಲೈಟ್ 1988ರಲ್ಲೇ ಪೂರ್ತಿ ಆಲ್ಬಮ್ ಮಾಡಿದ್ಳು, ಹದಿನೇಳು ಹದಿನೆಂಟರ ಹುಡುಗಿ. ಕ್ವೀನ್ ಲತೀಫಾ 1993ರ ಯೂನಿಟಿ ಹಾಡಲ್ಲಿ ಆ ಬೈಗುಳದ ಪದನೇ ಹಿಡ್ಕೊಂಡು ಯಾರಿಗೆ ಅಂತಿದೀಯ ಅಂತ ನೇರ ಕೇಳ್ತಾಳೆ, ಅದಕ್ಕೆ ಗ್ರ್ಯಾಮಿನೂ ಬಂತು. ಅದನ್ನ ಹಾಕಿ. ಆಮೇಲೆ ಲಾರಿನ್ ಹಿಲ್, 1998ರ ಆಲ್ಬಮ್. ಸುಗಮ ಸಂಗೀತದೋರಿಗೆ "ಹಾಡೆಲ್ಲಿದೆ" ಅಂದ್ರೆ ಅವಳಲ್ಲಿದೆ.

---

ಬೆಣ್ಣೆದೋಸೆ79:

ಎಲ್ರಿಗೂ ಥ್ಯಾಂಕ್ಸು, ಭಾನುವಾರದ ವರದಿ ಒಪ್ಪಿಸ್ತಿದೀನಿ. ಮಧ್ಯಾಹ್ನ ಊಟ ಆದ್ಮೇಲೆ ಕೂತ್ವಿ. ಮಂಡಕ್ಕಿ ಮಿರ್ಚಿ ಲಂಚ ಕೊಟ್ಟೆ, ಸುಳ್ಳು ಹೇಳಲ್ಲ.

ಮೊದ್ಲು ಪೀಟ್ ರಾಕ್. ಟಾಮ್ ಸ್ಕಾಟಿಂದೂ ಹಾಕ್ದೆ. ಆಶ್ಚರ್ಯ ಅಂದ್ರೆ ಅವಳಿಗೆ ಮೂಲನೇ ಇಷ್ಟ ಆಯ್ತು! "ಇದನ್ನ ಯಾಕೆ ಕತ್ತರಿಸಿದ್ರು" ಅಂತ ನನ್ನೇ ಕೇಳ್ತಾಳೆ. ಹಳೇಟೇಪು ಅವ್ರೆ ಕ್ಷಮಿಸಿ. ಯೂನಿಟಿ ಕೇಳಿ ತಲೆ ಆಡಿಸಿದ್ಳು, ಅರ್ಥ ಬಿಡಿಸಿ ಹೇಳಿದ್ಮೇಲೆ ಇನ್ನೊಂದ್ ಸಲ ಹಾಕಿಸಿದ್ಳು. ರಾಕಿಂ ಹಾಕೋ ಯೋಚನೆ ಇತ್ತು, ಆದ್ರೆ ಮೂರನೇದು ನನ್ನ ಹಠಕ್ಕೆ ನಾಸ್ ಹಾಕ್ದೆ, ಆ ಕ್ಯಾಸೆಟ್ಟಿನ ಎ ಸೈಡಿನ ಕೊನೇ ಹಾಡು, ಲೈಫ್ಸ್ ಎ ಬಿಚ್. (ಹೆಸರು ನೋಡಿ ಮುಖ ಸಿಂಡರಿಸಿದ್ಳು, ಈಗಷ್ಟೇ ಯೂನಿಟಿ ಕೇಳಿದ್ದಲ್ವಾ, ಟೈಮಿಂಗ್ ನಂದೇ ತಪ್ಪು.) ಆ ಹಾಡಿನ ಕೊನೇಲಿ ಏನಿದೆ ಅಂತ ನಂಗೇ ಗೊತ್ತಾಗಿದ್ದು 2006ರಲ್ಲಿ ಸಿಡಿ ಕೊಂಡಾಗ. ಮಾತೆಲ್ಲ ಮುಗಿದ್ಮೇಲೆ ಕಾರ್ನೆಟ್ ಬರುತ್ತೆ, ಟ್ರಂಪೆಟ್ಟಿನ ತಮ್ಮ ಅನ್ನಿ, ಮೆಲ್ಲಗೆ, ಸಂಜೆ ಹೊತ್ತು ಯಾರೋ ಮಹಡಿ ಮೇಲೆ ನಿಂತು ಊದ್ದಂಗೆ. ಊದಿರೋದು ನಾಸ್‌ನ ಅಪ್ಪ, ಓಲು ದಾರಾ, ಜಾಝ್ ಕಲಾವಿದ. ಮಗನಿಗೆ ಇಪ್ಪತ್ತು ವರ್ಷ, ಮೊದಲ ಆಲ್ಬಮ್, ಸತ್ರೆ ಸಾಯ್ತೀವಿ ಅನ್ನೋ ಹಾಡು, ಅದಕ್ಕೆ ಅಪ್ಪ ಮಾತಾಡ್ದೆ ಊದಿ ಉತ್ತರ ಕೊಟ್ಟಂಗೆ. ಎಂಟು ವರ್ಷ ನನ್ನ ಟೇಪು ಸರಿಯಾಗಿ ಅಲ್ಲೇ ಕಟ್ ಆಗ್ತಿತ್ತು.

ಇದನ್ನೆಲ್ಲ ಗಂಟಲು ಕಟ್ಕೊಂಡು ಹೇಳ್ದೆ. ಅವಳು ಕಣ್ಮುಚ್ಕೊಂಡು ಆ ಭಾಗನ ಮೂರು ಸಲ ಕೇಳಿದ್ಳು. ಆಮೇಲೆ ಕೇಳಿದ ಪ್ರಶ್ನೆ: "ಇದು ಕದ್ದಿದ್ದಲ್ಲ ಸರಿ, ಅಪ್ಪಂಗಾದ್ರೂ ದುಡ್ಡು ಕೊಟ್ನಾ?"

---

ಗಿರಣಿಚಾಳ್:

ಅಕ್ಕಾರ ಪ್ರಶ್ನೆ ಸರಿ ಅದ ನೋಡ್ರಿ. ಹೆಸರು ಮಾತ್ರ ಕವರಿನ ಮ್ಯಾಲೆ ಹಾಕ್ಯಾನ, ಅಷ್ಟು ಹೇಳ್ರಿ ಅವರಿಗೆ.

---

ಹಳೇಟೇಪು:

ಮೂಲನೇ ಚೆನ್ನಾಗಿದೆ ಅಂದ್ರಾ?? ಮುಂದಿನ ಭಾನುವಾರ ನಮ್ಮನೆಗೆ ಕರ್ಕೊಂಡು ಬನ್ನಿ, ಎಲ್ಪಿಲಿ ಹಾಕ್ತೀನಿ. ಮಿರ್ಚಿ ನೀವೇ ತನ್ನಿ.